ಆಳುವವರಿಗಾಗಿ ನಮ್ಮ ಪ್ರಾರ್ಥನೆ

(ಶತಮಾನೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯದಲ್ಲಿ ಮೊಣಕಾಲೂರಿದಾಗ ದೇವನಹಳ್ಳಿಯ ಈ ಸೀಮೆ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಅರಸನನ್ನು ಆರಿಸುವ ಹೊಣೆ ಅವರದಾಗಿರಲಿಲ್ಲ. ಇಂದಾದರೋ ಗ್ರಾಮ ಪಂಚಾಯಿತಿಯಿಂದ ಲೋಕಸಭೆಯವರೆಗೆ ಆಳುವವರನ್ನು ಕಳುಹಿಸುವವರು ನಾವೇ. ಆದರೂ ಭಾನುವಾರದ ಬಲಿಪೂಜೆಯಲ್ಲಿ, ವಿಶ್ವಾಸಿಗಳ ಪ್ರಾರ್ಥನೆಯ ವೇಳೆ ನಾಡಿನ ನಾಯಕರಿಗಾಗಿ ಬಿನ್ನಹ ಬಂದಾಗ ನಮ್ಮಲ್ಲಿ ಎಷ್ಟು ಮಂದಿಯ ಮನಸ್ಸು ಅಲ್ಲಿರುತ್ತದೆ? ಮಳೆಗಾಗಿ, ರೋಗಿಗಳಿಗಾಗಿ ಬೇಡುವಾಗ ಇರುವ ದನಿ ಆಗ ಇರುವುದಿಲ್ಲವೆಂಬುದನ್ನು ಒಪ್ಪಿಕೊಳ್ಳೋಣ.

ಈ ಬಿನ್ನಹ ನಿನ್ನೆ ಮೊನ್ನೆಯದಲ್ಲ. ಅರಸರಿಗಾಗಿಯೂ ಅಧಿಕಾರಿಗಳಿಗಾಗಿಯೂ ಪ್ರಾರ್ಥಿಸಬೇಕೆಂಬ ಬೋಧೆ ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿಯೇ ಇದೆ. ಆ ಅರಸರು ಕ್ರೈಸ್ತರಲ್ಲ. ಕ್ರಿ.ಶ. 197ರ ಸುಮಾರಿಗೆ, ಕ್ರೈಸ್ತರು ಹಿಂಸೆಗೊಳಗಾಗುತ್ತಿದ್ದ ಕಾಲದಲ್ಲಿ, ಕಾರ್ಥೇಜಿನ ತೆರ್ತುಲ್ಲಿಯನರು ಚಕ್ರವರ್ತಿಯನ್ನು ದೇವರೆಂದು ಪೂಜಿಸಲು ಒಪ್ಪಲಿಲ್ಲ. ಆದರೆ ಅವನ ಕ್ಷೇಮಕ್ಕಾಗಿ ಕ್ರೈಸ್ತರು ನಿಜದೇವರನ್ನು ಬೇಡುತ್ತಾರೆಂದು ವಾದಿಸಿದರು. ಕಾಲಾಂತರದಲ್ಲಿ ಮರೆಯಾಗಿದ್ದ ವಿಶ್ವಾಸಿಗಳ ಪ್ರಾರ್ಥನೆಯನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಮರಳಿ ನಮಗೆ ದೊರಕಿಸಿತು. ಶುಭ ಶುಕ್ರವಾರದ ಹತ್ತು ಬಿನ್ನಹಗಳಲ್ಲಿ ಒಂಬತ್ತನೆಯದು ಆಳುವವರಿಗಾಗಿಯೇ ಇರುವುದು.

ಮೆಚ್ಚಿದ ನಾಯಕರಿಗಾಗಿ ಪ್ರಾರ್ಥಿಸುವುದು ಸುಲಭ. ಕಷ್ಟವಿರುವುದು ಬೇರೆಡೆ. 2021ರ ಡಿಸೆಂಬರ್‌ನಲ್ಲಿ, ಕ್ರಿಸ್ತಜಯಂತಿಗೆ ಎರಡೇ ದಿನ ಮುನ್ನ, ಬೆಳಗಾವಿಯಲ್ಲಿ ಸೇರಿದ್ದ ವಿಧಾನಸಭೆಯು ಮತಾಂತರ ನಿಷೇಧ ಮಸೂದೆಯನ್ನು ಅಂಗೀಕರಿಸಿತು. ಮಹಾಧರ್ಮಾಧ್ಯಕ್ಷರಾದ ಪೀಟರ್ ಮಚಾದೊರವರು ಅದನ್ನು ಬಹಿರಂಗವಾಗಿ ವಿರೋಧಿಸಿದರು. ಆದರೆ ಮರುವರ್ಷದ ಶುಭ ಶುಕ್ರವಾರದಂದು ಆ ಒಂಬತ್ತನೆಯ ಬಿನ್ನಹವನ್ನು ಧರ್ಮಸಭೆ ಕೈಬಿಡಲಿಲ್ಲ. ವಿರೋಧವೂ ಪ್ರಾರ್ಥನೆಯೂ ಒಂದೇ ಬಾಯಿಂದ ಬರಬಹುದು. ಪ್ರಾರ್ಥನೆ ಹೊಗಳಿಕೆಯಲ್ಲ, ಮತಯಾಚನೆಯೂ ಅಲ್ಲ.

2024ರ ಆರಂಭದಲ್ಲಿ ನಮ್ಮ ಬೆಂಗಳೂರಿನ ಸಂತ ಯೊವಾನ್ನರ ವೈದ್ಯಕೀಯ ಸಂಸ್ಥೆಯ ಆವರಣದಲ್ಲಿ ಸಭೆ ಸೇರಿದ ಭಾರತದ ಕಥೋಲಿಕ ಧರ್ಮಾಧ್ಯಕ್ಷರು, ಲೋಕಸಭಾ ಚುನಾವಣೆಗೆ ಮುನ್ನ ಮಾರ್ಚ್ 22ರ ಶುಕ್ರವಾರವನ್ನು ದೇಶಕ್ಕಾಗಿ ಪ್ರಾರ್ಥನೆ ಮತ್ತು ಉಪವಾಸದ ದಿನವೆಂದು ಸಾರಿದರು. ಅವರು ಪ್ರಾರ್ಥನೆಯೊಡನೆ ಉಪವಾಸವನ್ನು ಜೋಡಿಸಿದ್ದು ಸರಿಯೆಂದೇ ನಮ್ಮ ಭಾವನೆ. ಮತದಾನದ ಹಿಂದಿನ ರಾತ್ರಿ ಸೀರೆಯನ್ನೋ ನೋಟನ್ನೋ ಮನೆಬಾಗಿಲಲ್ಲಿ ಪಡೆದು, ಭಾನುವಾರ ಪ್ರಾಮಾಣಿಕ ನಾಯಕರನ್ನು ಕೊಡೆಂದು ಬೇಡಿದರೆ ದೇವರು ಏನೆಂದುಕೊಂಡಾರು! ಕೈಚಾಚದಿರುವುದೂ ಒಂದು ಉಪವಾಸವೇ.

ಏನನ್ನು ಬೇಡಬೇಕು? ಗೆಲುವನ್ನಲ್ಲ, ಆಲಿಸುವ ಕಿವಿಯನ್ನು. ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಮಿಯನ್ನು ಬಿಟ್ಟುಕೊಡಲಾರೆವೆಂದು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. ಆ ಭೂಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ ಪ್ರಕಟಿಸಿದ್ದು 2025ರ ಜುಲೈ 15ರಂದು. ಅದು ರೈತರು ಪಟ್ಟ ಪಾಡಿನ ಫಲ. ನಮ್ಮ ಪ್ರಾರ್ಥನೆಯ ಲೆಕ್ಕಕ್ಕೆ ಅದನ್ನು ಬರೆದುಕೊಳ್ಳುವುದು ತರವಲ್ಲ. ಆದರೆ ಆಳುವವರು ಅಂಥ ಮೊರೆಗೆ ಮೂರು ವರ್ಷ ಕಾಯಿಸದೆ ಕಿವಿಗೊಡಲೆಂದು ಬೇಡಬಹುದಲ್ಲವೇ?

ಇನ್ನು ಕೆಲವೇ ನಿಮಿಷಗಳಲ್ಲಿ ಕೃತಜ್ಞತಾ ಬಲಿಪೂಜೆ ಆರಂಭವಾಗಲಿದೆ. ಆ ಬಿನ್ನಹ ಬಂದಾಗ ಪಂಚಾಯಿತಿಯ ಸದಸ್ಯರಿಂದ ಪ್ರಧಾನಮಂತ್ರಿಗಳವರೆಗೆ ಒಬ್ಬೊಬ್ಬರನ್ನೂ ಮನಸ್ಸಿನಲ್ಲಿ ಹೆಸರಿಟ್ಟು ನೆನೆಯೋಣ. ನಾವು ಮತ ನೀಡದವರನ್ನು ಮೊದಲು.