ಅಹವಾಲಿನಿಂದ ಅಧಿಕಾರಕ್ಕೆ



ಪ್ರಜಾಪ್ರಭುತ್ವವೆಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಮತದ ಪೆಟ್ಟಿಗೆ. ರಾಜ್ಯಶಾಸ್ತ್ರದ ಗ್ರಂಥಗಳೂ ಬಹುಮಟ್ಟಿಗೆ ಶಾಸನ ಮಾಡುವವರಾರು, ಅವರನ್ನು ಆರಿಸುವವರಾರು ಎಂಬ ಎರಡು ಪ್ರಶ್ನೆಗಳನ್ನೇ ಹಿಡಿದು ಬೆಳೆಯುತ್ತವೆ. ಮಾಡಿದ ಶಾಸನವನ್ನು ಊರಿನ ಮೇಲೆ ನಡೆಯಿಸುವ ಅಮಲ್ದಾರನೂ ಶಿರಸ್ತೇದಾರನೂ ಯಾವ ಮನೆಗಳಿಂದ ಬಂದವರು ಎಂಬ ಮೂರನೆಯ ಪ್ರಶ್ನೆ ಪಂಡಿತರಿಗೆ ಅಷ್ಟೊಂದು ಘನವಾದುದೆಂದು ತೋರಿದಂತಿಲ್ಲ. ಆದರೆ ಹಳೆಯ ಮೈಸೂರು ಸಂಸ್ಥಾನದಲ್ಲಿ, ವಯಸ್ಕರೆಲ್ಲರಿಗೂ ಮತವೆಂಬುದು ಇನ್ನೂ ದೂರದ ಮಾತಾಗಿದ್ದಾಗಲೇ, ಈ ಮೂರನೆಯ ಪ್ರಶ್ನೆ ತಲೆಯೆತ್ತಿತು.

ಐವತ್ತು ವರ್ಷ ಇಂಗ್ಲಿಷರ ಕೈಯಲ್ಲಿದ್ದ ಸಂಸ್ಥಾನವು 1881ರಲ್ಲಿ ಒಡೆಯರಿಗೆ ಮರಳಿ ಬಂದಿತಷ್ಟೆ. ಅದೇ ವರ್ಷದ ದಸರೆಯ ಕಾಲಕ್ಕೆ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ತಾಲ್ಲೂಕಿಗೆ ಒಬ್ಬಿಬ್ಬರಂತೆ ತಿಳಿವಳಿಕೆಯುಳ್ಳ ರೈತರು, ಜಿಲ್ಲೆಗೆ ಮೂರು ನಾಲ್ವರಂತೆ ವರ್ತಕರು, ಹೀಗೆ ಬಂದ 144 ಮಂದಿಯ ಮುಂದೆ ದಿವಾನರು ಕಳೆದ ವರ್ಷದ ಆಡಳಿತದ ವಿವರವನ್ನೂ ಬರುವ ವರ್ಷದ ಉದ್ದೇಶಗಳನ್ನೂ ಓದಿ ಹೇಳಿದರು. ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕೊರತೆಗಳನ್ನು ಅರಿಕೆ ಮಾಡಿಕೊಳ್ಳಬಹುದಾಗಿತ್ತು. ಶಾಸನವನ್ನು ತಡೆಯುವ ಅಥವಾ ಆಯವ್ಯಯಕ್ಕೆ ಕತ್ತರಿ ಹಾಕುವ ಅಧಿಕಾರ ಅವರಿಗೆ ಇರಲಿಲ್ಲ. ಇದನ್ನು ದಸರೆಯ ಇನ್ನೊಂದು ನೋಟವೆಂದು ಹಗುರಾಗಿ ಕಾಣುವವರ ಮಾತನ್ನು ನಾನು ಒಪ್ಪಲಾರೆ. ದೊರೆಯ ಸರ್ಕಾರವು ಪ್ರಜೆಗಳೆದುರು ನಿಂತು ವರ್ಷದ ಲೆಕ್ಕವನ್ನೊಪ್ಪಿಸುವ ವಾಡಿಕೆ ಒಮ್ಮೆ ಬೇರೂರಿದ ಮೇಲೆ, ಆ ಲೆಕ್ಕವನ್ನು ಪ್ರಶ್ನಿಸುವ ಧೈರ್ಯವೂ ತಾನಾಗಿಯೇ ಹುಟ್ಟುತ್ತದೆ. ಆದರೂ ಸಭೆಯಲ್ಲಿ ಹೇಳಿಕೊಂಡ ದೂರಿಗೆ ಪರಿಹಾರ ದೊರೆಯಬೇಕಾದದ್ದು ಕಚೇರಿಯಲ್ಲಿಯೇ, ಮತ್ತು ಬಹುವೇಳೆ ಯಾರ ಮೇಲೆ ದೂರೋ ಅವರ ಕಚೇರಿಯಲ್ಲಿಯೇ!

ಆ ಕಚೇರಿಗಳ ಸ್ಥಿತಿಯಾದರೋ ಎಲ್ಲರಿಗೂ ತಿಳಿದಿದ್ದುದೇ. ಜನಸಂಖ್ಯೆಯಲ್ಲಿ ನೂರಕ್ಕೆ ಐವರಿಗಿಂತ ಕಡಿಮೆಯಿದ್ದ ಬ್ರಾಹ್ಮಣರು ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತುಂಬಿದ್ದರು. ಇಂಗ್ಲಿಷ್ ವಿದ್ಯೆಗೆ ಮೊದಲು ಹೋದವರು ಅವರು. ಪರೀಕ್ಷೆಯಲ್ಲಿ ಗೆದ್ದವರೂ ಅವರೇ. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಲಿಯಲ್ಲಿ ಲಿಂಗಾಯತರು, ಒಕ್ಕಲಿಗರು, ಮುಸಲ್ಮಾನರು ಮೊದಲಾದವರು ಕೂಡಿದರು. ಮರುವರ್ಷ ಅವರ ನಿಯೋಗವು ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು, ಹುದ್ದೆಗಳಲ್ಲಿ ತಮಗೂ ಪಾಲು ಬೇಕೆಂದು ಬಿನ್ನವಿಸಿಕೊಂಡ ಮೇಲೆ, ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ದಿವಾನ್ ವಿಶ್ವೇಶ್ವರಯ್ಯನವರು ಈ ಮಾರ್ಗವನ್ನು ಒಪ್ಪಲಿಲ್ಲ. ಯೋಗ್ಯತೆಯೊಂದನ್ನು ಬಿಟ್ಟು ಬೇರೆಯ ಅಳತೆಗೋಲು ಹಿಡಿದರೆ ಆಡಳಿತವೂ ದೇಶದ ಅಭಿವೃದ್ಧಿಯೂ ಕುಂದುವುದೆಂದು ಅವರು ಬಗೆದಿದ್ದರು. ಆ ವರ್ಷದ ಕೊನೆಯಲ್ಲಿ ಅಧಿಕಾರವನ್ನೇ ಬಿಟ್ಟರು. ಅವರ ಭಿನ್ನಾಭಿಪ್ರಾಯವನ್ನು ಜಾತಿಯ ಅಭಿಮಾನವೆಂದು ತಳ್ಳಿಹಾಕುವುದು ಅವರ ಬಾಳನ್ನು ಬಲ್ಲವರಿಗೆ ಸಾಧ್ಯವಾಗದು. ಎದುರು ಪಕ್ಷದ ವಾದವೂ ಸುಲಭದಲ್ಲಿ ಕರಗುವಂಥದಾಗಿರಲಿಲ್ಲ.

1919ರ ವರದಿಯಲ್ಲಿ ಮಿಲ್ಲರ್ ಸಮಿತಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಬ್ರಾಹ್ಮಣೇತರರ ಕೈಯಲ್ಲಿರುವಂತಾಗಬೇಕೆಂದು ಶಿಫಾರಸು ಮಾಡಿತು. ಸರ್ಕಾರದ ಆಜ್ಞೆ 1921ರಲ್ಲಿ ಹೊರಟಿತು. ಈ ಅಂಕಿಗಳಿಗಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಸಮಿತಿಯು ದಕ್ಷತೆಯ ವಿಷಯದಲ್ಲಿ ಮಾಡಿದ ವಿಚಾರ. ಪರೀಕ್ಷೆಯ ಪಾಂಡಿತ್ಯದಿಂದಲೇ ದಕ್ಷತೆಯನ್ನು ಅಳೆಯಲಾಗದು, ಆಡಳಿತದ ಎಷ್ಟೋ ಶಾಖೆಗಳಲ್ಲಿ ಸಹಾನುಭೂತಿ, ಪ್ರಾಮಾಣಿಕತೆ, ಉತ್ಸಾಹ, ವ್ಯವಹಾರಜ್ಞಾನಗಳು ಅದಕ್ಕೆ ಸಮವಾಗಿ ತೂಗುತ್ತವೆ ಎಂಬುದು ಅದರ ನಿಲುವು. ಮಳೆ ತಪ್ಪಿದ ವರ್ಷ ಕಂದಾಯದ ರಿಯಾಯಿತಿ ಬೇಡಿ ಕೈಮುಗಿದು ನಿಂತ ರೈತನ ಮಾತಿನಲ್ಲಿ ನಿಜವೆಷ್ಟು, ನೆಪವೆಷ್ಟು ಎಂದು ತೀರ್ಮಾನಿಸಬೇಕಾದ ಅಧಿಕಾರಿಗೆ, ಕಾಲೇಜಿನಲ್ಲಿ ಓದಿದ ತರ್ಕಶಾಸ್ತ್ರಕ್ಕಿಂತ ಹೊಲದ ಬದುವಿನ ಪರಿಚಯ ಹೆಚ್ಚು ಒದಗುವುದಿಲ್ಲವೆ? ಸಾಮಾಜಿಕ ನ್ಯಾಯವು ದಕ್ಷತೆಯನ್ನು ಬಲಿಗೊಡುತ್ತದೆಂದು ಹೇಳುವವರು ಮೊದಲು ದಕ್ಷತೆಯ ಅಳತೆಯನ್ನು ನಿಶ್ಚಯಿಸಬೇಕಾಗುತ್ತದೆ.

ಸಮಿತಿಯ ಕೊರತೆ ಬೇರೆಡೆಯಲ್ಲಿತ್ತು. ಬ್ರಾಹ್ಮಣರನ್ನುಳಿದು ಉಳಿದವರೆಲ್ಲರನ್ನೂ ಅದು ಹಿಂದುಳಿದವರೆಂದು ಒಂದೇ ಪಂಕ್ತಿಯಲ್ಲಿ ಕೂರಿಸಿತು. ನೂರಾರು ಎಕರೆಯ ಜಮೀನ್ದಾರನಿಗೂ, ಊರ ಬಾವಿಯ ನೀರು ಮುಟ್ಟಲು ಅವಕಾಶವಿಲ್ಲದವನಿಗೂ ಪಂಕ್ತಿ ಒಂದೇ ಎಂದಾದಾಗ, ಎಲೆಯ ಮುಂದೆ ಮೊದಲು ಕೂತವರಾರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 30ರಂದು ಸರ್ಕಾರಿ ಹುದ್ದೆಗಳ ಮೀಸಲಿನ ಚರ್ಚೆ ಎದ್ದಾಗ ಡಾ. ಅಂಬೇಡ್ಕರ್ ಅವರು ಎಲ್ಲರಿಗೂ ಸಮಾನ ಅವಕಾಶವಿರಬೇಕೆಂಬ ತತ್ತ್ವವನ್ನೂ, ಇದುವರೆಗೆ ಆಡಳಿತದ ಹೊರಗುಳಿದವರಿಗೆ ಪ್ರವೇಶ ದೊರೆಯಬೇಕೆಂಬ ಬೇಡಿಕೆಯನ್ನೂ ಎದುರುಬದುರಿಗಿಟ್ಟು, ನೂರರಲ್ಲಿ ಎಪ್ಪತ್ತು ಸ್ಥಾನಗಳನ್ನು ಮೀಸಲಿಟ್ಟು ಮೂವತ್ತನ್ನು ಮಾತ್ರ ಮುಕ್ತವಾಗಿ ಬಿಟ್ಟರೆ ಮೊದಲನೆಯ ತತ್ತ್ವ ಉಳಿಯುವುದೇ ಎಂದು ಕೇಳಿದರು. ಮೀಸಲು ಕಡಮೆಯ ಪಾಲಿಗೆ ಸೀಮಿತವಾಗಿರಬೇಕೆಂಬುದು ಅವರ ಮತ. ಅವರು ಊಹೆಗೆಂದು ಎತ್ತಿದ ಆ ಅಂಕಿ ಹದಿನಾಲ್ಕು ವರ್ಷಗಳ ತರುವಾಯ ಹೆಚ್ಚುಕಡಿಮೆ ನಿಜವಾಯಿತು, ಅದೂ ಮೈಸೂರಿನಲ್ಲಿಯೇ. ಹಿಂದುಳಿದವರನ್ನು ಗುರುತಿಸಲು ನೇಮಕವಾಗಿದ್ದ ನಾಗನಗೌಡ ಸಮಿತಿಯ ವರದಿಯ ಬೆನ್ನಿಗೆ 1962ರ ಜುಲೈಯಲ್ಲಿ ರಾಜ್ಯ ಸರ್ಕಾರವು ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಮೀಸಲಿಟ್ಟಿತು. ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗಳಿಗೆ 15, ಪರಿಶಿಷ್ಟ ವರ್ಗಗಳಿಗೆ 3. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಆಜ್ಞೆಯನ್ನು ರದ್ದುಪಡಿಸಿ, ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆಯಿರಬೇಕೆಂದೂ, ಜಾತಿಯೊಂದೇ ಹಿಂದುಳಿದಿರುವಿಕೆಯ ಗುರುತಾಗಲಾರದೆಂದೂ ತೀರ್ಪಿತ್ತಿತು. ಅದರೊಡನೆ, ಹಿಂದುಳಿದವರಲ್ಲಿಯೇ ಹೆಚ್ಚು ಹಿಂದುಳಿದವರೆಂಬ ವಿಂಗಡಣೆಗೂ ಆಧಾರವಿಲ್ಲವೆಂದಿತು. ಮಿಲ್ಲರ್ ಸಮಿತಿಯ ಆ ಹಳೆಯ ಪಂಕ್ತಿಯನ್ನು ಒಡೆದು ಹಿಂದೆ ನಿಂತವನಿಗೆ ಬೇರೆ ಎಲೆ ಹಾಕುವ ಯತ್ನವೂ ಹೀಗೆ ಆಜ್ಞೆಯೊಂದಿಗೇ ಬಿದ್ದಿತು. ಅದೇ ನ್ಯಾಯಾಲಯವು, 1992ರಲ್ಲಿ ಕೇಂದ್ರ ಸರ್ಕಾರದ ಹುದ್ದೆಗಳ ಮೀಸಲನ್ನು ಕುರಿತ ಮಂಡಲ್ ಮೊಕದ್ದಮೆಯನ್ನು ತೀರ್ಮಾನಿಸುವಾಗ, ಅರ್ಧದ ಮಿತಿಯನ್ನು ಎತ್ತಿಹಿಡಿದರೂ ಅಂಥ ವಿಂಗಡಣೆಗೆ ಅಡ್ಡಿಯಿಲ್ಲವೆಂದು ಹೇಳಿತು.