ಸೊಸುವಾ ಎಂಬ ಕಡಲೂರು



ನಿಮ್ಮ ಬಳಿ ಭೂಪಟದ ಪುಸ್ತಕವಿದ್ದರೆ ಕೆರಿಬಿಯನ್ ಸಮುದ್ರದ ಪುಟವನ್ನು ತೆರೆದಿಟ್ಟುಕೊಳ್ಳಿ. ಕ್ಯೂಬಾದ ಪೂರ್ವಕ್ಕೆ ಹಿಸ್ಪಾನಿಯೋಲಾ ಎಂಬ ದ್ವೀಪವಿದೆ. 1492ರಲ್ಲಿ ಕೊಲಂಬಸ್ ಮುಟ್ಟಿದ ದ್ವೀಪಗಳಲ್ಲಿ ಇದೂ ಒಂದು. ದ್ವೀಪ ಒಂದೇ ಆದರೂ ದೇಶಗಳು ಎರಡು. ಪಶ್ಚಿಮದ ಮೂರನೆಯ ಒಂದು ಭಾಗ ಹೈಟಿ. ಉಳಿದದ್ದು ಡೊಮಿನಿಕನ್ ಗಣರಾಜ್ಯ. ಈ ಎರಡನೆಯ ದೇಶದ ಉತ್ತರ ಕರಾವಳಿಯಲ್ಲಿ ಪೋರ್ಟೊ ಪ್ಲಾಟಾ ಎಂಬ ಬಂದರು ಪಟ್ಟಣವನ್ನು ಗುರುತಿಸಿ. ಅಲ್ಲಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಸೊಸುವಾ ಸಿಗುತ್ತದೆ. ಸಾಮಾನ್ಯ ಭೂಪಟದಲ್ಲಿ ಅದರ ಹೆಸರು ಇರಲಿಕ್ಕಿಲ್ಲ. ಬಾಗಿದ ಕೊಲ್ಲಿ, ತಿಳಿನೀರು, ಮರಗಳ ನೆರಳಿನ ಮರಳು ದಂಡೆ. ದಂಡೆಯ ಪೂರ್ವ ತುದಿಗೆ ಎಲ್ ಬಾಟೆ ಎಂಬ ಬಡಾವಣೆ, ಪಶ್ಚಿಮ ತುದಿಗೆ ಲೋಸ್ ಚಾರಾಮಿಕೋಸ್ ಎಂಬ ಬಡಾವಣೆ. ಹೋಟೆಲುಗಳೂ ಬಾರುಗಳೂ ಇರುವುದು ಮೊದಲನೆಯದರಲ್ಲಿ. ಅಲ್ಲಿ ಕೆಲಸ ಮಾಡುವವರ ಮನೆಗಳಿರುವುದು ಎರಡನೆಯದರಲ್ಲಿ.

ಈ ಊರು ಜಗತ್ತಿನ ಪ್ರವಾಸಿಗಳ ನಡುವೆ ಎರಡು ಕಾರಣಕ್ಕೆ ಹೆಸರಾಗಿದೆ. ಹವಳದ ದಿಬ್ಬಗಳ ನಡುವೆ ಮುಳುಗಿ ಈಜುವವರಿಗೆ ಇದು ಪ್ರಿಯವಾದ ತಾಣ. ಇನ್ನೊಂದು ಕಾರಣವನ್ನು ಜಾಹೀರಾತಿನ ಹಾಳೆಗಳು ಬಾಯಿಬಿಟ್ಟು ಹೇಳುವುದಿಲ್ಲ. ಐರೋಪ್ಯ ಹಾಗೂ ಉತ್ತರ ಅಮೆರಿಕದ ಗಂಡಸರು ಹೆಣ್ಣಿನ ಸಂಗವನ್ನು ಹಣಕ್ಕೆ ಕೊಳ್ಳಲೆಂದೇ ವಿಮಾನ ಹತ್ತಿ ಬರುವ ಊರುಗಳಲ್ಲಿ ಸೊಸುವಾ ಒಂದು. ಇದಕ್ಕೆ ಲೈಂಗಿಕ ಪ್ರವಾಸೋದ್ಯಮ ಎಂದು ಹೆಸರು. ಇಂಥ ವಿಷಯವನ್ನು ವಿದ್ಯಾರ್ಥಿಗಳ ಮುಂದೆ ಎತ್ತಬಾರದು ಎನ್ನುವ ಹಿರಿಯರಿದ್ದಾರೆ. ಆದರೆ ಆ ಬಾರುಗಳ ಮುಂದೆ ಸಂಜೆ ನಿಲ್ಲುವ ಅನೇಕ ಹೆಣ್ಣುಮಕ್ಕಳು ನಿಮಗಿಂತ ಹೆಚ್ಚು ದೊಡ್ಡವರೇನಲ್ಲ. ಅವರ ಪಾಡನ್ನು ತಿಳಿಯುವಷ್ಟು ನೀವು ಖಂಡಿತವಾಗಿ ಬೆಳೆದಿದ್ದೀರಿ.

ಆದರೆ ಹೆಣ್ಣಿನ ಕಥೆಗೆ ಹೋಗುವ ಮುನ್ನ ಬಣ್ಣದ ಕಥೆಯನ್ನು ಹೇಳಬೇಕು. ಅದನ್ನು ಬಿಟ್ಟರೆ ಇದು ಅರ್ಥವಾಗುವುದಿಲ್ಲ.

ಹೈಟಿ ಫ್ರೆಂಚರ ವಸಾಹತಾಗಿತ್ತು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಬಂಡೆದ್ದು 1804ರಲ್ಲಿ ಅದನ್ನು ಸ್ವತಂತ್ರಗೊಳಿಸಿದರು. 1822ರಿಂದ 1844ರವರೆಗೆ ಇಡೀ ದ್ವೀಪ ಅವರ ಆಳ್ವಿಕೆಯಲ್ಲಿತ್ತು. ಆದ್ದರಿಂದ ಡೊಮಿನಿಕನ್ನರು ತಮ್ಮ ಸ್ವಾತಂತ್ರ್ಯ ದಿನವೆಂದು ಆಚರಿಸುವುದು ಸ್ಪೇನಿನಿಂದ ಬಿಡುಗಡೆಯಾದ ದಿನವನ್ನಲ್ಲ. ಹೈಟಿಯಿಂದ ಬೇರೆಯಾದ 1844ರ ಫೆಬ್ರವರಿ 27ನ್ನು. ‘ನಾವು ಯಾರು?’ ಎಂಬ ಪ್ರಶ್ನೆಗೆ ಅಲ್ಲಿನ ಆಳುವ ವರ್ಗ ಕೊಟ್ಟುಕೊಂಡ ಉತ್ತರ ‘ನಾವು ಹೈಟಿಯವರಲ್ಲ’ ಎಂಬುದು. ಅವರು ಕಪ್ಪು, ನಾವಲ್ಲ. ಅವರದು ಕ್ರಿಯೋಲ್ ಭಾಷೆ, ನಮ್ಮದು ಸ್ಪ್ಯಾನಿಷ್. ವಾಸ್ತವದಲ್ಲಿ ಡೊಮಿನಿಕನ್ನರಲ್ಲಿ ಬಹುಪಾಲು ಜನರ ಮೈಯಲ್ಲಿ ಆಫ್ರಿಕದ ರಕ್ತವೂ ಹರಿಯುತ್ತಿದೆ. ಅದನ್ನು ಒಪ್ಪಿಕೊಳ್ಳದಿರಲು ಅವರು ಕಂಡುಕೊಂಡ ಉಪಾಯ ನಮಗೆ ನಗು ತರಿಸಬಹುದು. ದಶಕಗಳ ಕಾಲ ಅಲ್ಲಿನ ಗುರುತಿನ ಚೀಟಿಗಳಲ್ಲಿ ಮೈಬಣ್ಣದ ಎದುರು ‘ಇಂಡಿಯೊ’ ಎಂದು ಬರೆಯುತ್ತಿದ್ದರು. ಇಂಡಿಯೊ ಅಂದರೆ ಇಂಡಿಯನ್! ತಾನು ಇಂಡಿಯಾ ಮುಟ್ಟಿದೆನೆಂದು ಕೊಲಂಬಸ್ ತಪ್ಪು ತಿಳಿದು ದ್ವೀಪದ ಮೂಲನಿವಾಸಿಗಳಿಗೆ ಇಟ್ಟ ಹೆಸರದು. ಆ ಮೂಲನಿವಾಸಿಗಳ ಸಮಾಜ ಕೆಲವೇ ದಶಕಗಳಲ್ಲಿ ರೋಗಕ್ಕೂ ದುಡಿಮೆಗೂ ಬಲಿಯಾಗಿ ನಾಶವಾಯಿತು. ಅವರ ಹೆಸರು ಮಾತ್ರ ಕಪ್ಪು ಎಂಬ ಪದವನ್ನು ಮುಚ್ಚುವ ಹೊದಿಕೆಯಾಗಿ ಉಳಿಯಿತು.

1930ರಲ್ಲಿ ರಫಾಯೆಲ್ ಟ್ರುಹಿಯೊ ಎಂಬ ಸೇನಾಧಿಕಾರಿ ಅಧಿಕಾರ ಹಿಡಿದ. 1961ರ ಮೇ 30ರಂದು ಗುಂಡೇಟಿಗೆ ಬಲಿಯಾಗುವವರೆಗೂ ದೇಶ ಅವನ ಮುಷ್ಟಿಯಲ್ಲಿತ್ತು. 1937ರ ಅಕ್ಟೋಬರ್‌ನಲ್ಲಿ ಅವನ ಆಜ್ಞೆಯಂತೆ ಸೈನಿಕರು ಗಡಿ ಪ್ರದೇಶದಲ್ಲಿ ನೆಲೆಸಿದ್ದ ಹೈಟಿ ಮೂಲದ ಜನರನ್ನು ಕೊಂದರು. ಹೆಚ್ಚಾಗಿ ಬಳಸಿದ್ದು ಮಚ್ಚುಗಳನ್ನು. ಸತ್ತವರ ಸಂಖ್ಯೆಯ ಬಗ್ಗೆ ಬೇರೆ ಬೇರೆ ಅಂದಾಜುಗಳಿವೆ. ಹಲವು ಸಾವಿರ ಎಂಬುದರಲ್ಲಿ ಮಾತ್ರ ಯಾರಿಗೂ ಸಂದೇಹವಿಲ್ಲ. ಅವರಲ್ಲಿ ಎಷ್ಟೋ ಮಂದಿ ಡೊಮಿನಿಕನ್ ನೆಲದಲ್ಲೇ ಹುಟ್ಟಿದವರು. ಸೈನಿಕರು ಕೊತ್ತಂಬರಿಯಂಥ ಒಂದು ಸೊಪ್ಪನ್ನು ತೋರಿಸಿ ಅದರ ಹೆಸರು ಹೇಳಿಸುತ್ತಿದ್ದರಂತೆ. ಸ್ಪ್ಯಾನಿಷ್‌ನಲ್ಲಿ ಅದು ‘ಪೆರೆಹಿಲ್’. ಕ್ರಿಯೋಲ್ ನಾಲಿಗೆಗೆ ಅಲ್ಲಿನ ‘ರ’ಕಾರ ಸರಿಯಾಗಿ ಹೊರಳುವುದಿಲ್ಲ. ಹೊರಳದಿದ್ದರೆ ಮಚ್ಚು. ಎಲ್ಲ ಕಡೆಯೂ ಹೀಗೆಯೇ ನಡೆಯಿತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದ್ದರೂ ಆ ಘಟನೆಗೆ ಇಂದಿಗೂ ಸೊಪ್ಪಿನ ಹೆಸರೇ ಅಂಟಿಕೊಂಡಿದೆ. ಯಾರದೋ ‘ಹ’ಕಾರವನ್ನೋ ‘ಳ’ಕಾರವನ್ನೋ ಕೇಳಿ ಅವನ ಊರನ್ನು ಪತ್ತೆ ಹಚ್ಚುವ ತಮಾಷೆಯನ್ನು ನೀವೂ ಹಾಸ್ಟೆಲಿನಲ್ಲಿ ಮಾಡಿರುತ್ತೀರಿ. ಅದೇ ಆಟ ಆಯುಧ ಹಿಡಿದವನ ಕೈಗೆ ಸಿಕ್ಕರೆ ಏನಾಗುತ್ತದೆಂದು ಒಮ್ಮೆ ಊಹಿಸಿ ನೋಡಿ. ಹೈಟಿಯಲ್ಲಿ ಹುಟ್ಟಿದ ಲೇಖಕಿ ಎಡ್ವಿಜ್ ಡಾಂಟಿಕಾ ಈ ಹತ್ಯಾಕಾಂಡವನ್ನು ವಸ್ತುವಾಗಿಟ್ಟುಕೊಂಡು 1998ರಲ್ಲಿ ‘ದಿ ಫಾರ್ಮಿಂಗ್ ಆಫ್ ಬೋನ್ಸ್’ ಎಂಬ ಕಾದಂಬರಿ ಬರೆದರು. ಕಾಲೇಜಿನವರು ಹುಡುಕಿ ಓದಬಹುದು.

ಪರಿಹಾರವೆಂದು ಟ್ರುಹಿಯೊ ಹೈಟಿ ಸರ್ಕಾರಕ್ಕೆ ಕೊಡಲೊಪ್ಪಿದ್ದು 7,50,000 ಡಾಲರ್. ಆಮೇಲೆ ಚೌಕಾಸಿ ಮಾಡಿ ಅದನ್ನು 5,25,000ಕ್ಕೆ ಇಳಿಸಿದ. ಹಣವೇನೋ ಹೋಯಿತು; ಮಾನ ಉಳಿಯಲಿಲ್ಲ. ಹೊರ ಜಗತ್ತಿನಲ್ಲಿ ಅವನ ಹೆಸರು ಕೆಟ್ಟಿತು.

ಇಲ್ಲಿ ಸೊಸುವಾ ಪ್ರವೇಶಿಸುತ್ತದೆ. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಎಂಬಲ್ಲಿ 32 ದೇಶಗಳು ಸೇರಿದವು. ಹಿಟ್ಲರನ ಜರ್ಮನಿ ಮತ್ತು ಆಸ್ಟ್ರಿಯಾಗಳಿಂದ ಓಡಿಬರುತ್ತಿದ್ದ ಯಹೂದಿಗಳಿಗೆ ಆಶ್ರಯ ಕೊಡುವವರು ಯಾರು ಎಂಬುದು ಪ್ರಶ್ನೆ. ದೊಡ್ಡ ದೊಡ್ಡ ದೇಶಗಳು ಸಹಾನುಭೂತಿಯ ಮಾತನಾಡಿ ಕೈ ತೊಳೆದುಕೊಂಡವು. ಒಂದು ಲಕ್ಷದವರೆಗೆ ಜನರನ್ನು ಸ್ವೀಕರಿಸುತ್ತೇವೆಂದು ಮುಂದೆ ಬಂದದ್ದು ಪುಟ್ಟ ಡೊಮಿನಿಕನ್ ಗಣರಾಜ್ಯ. ಕೊಲೆಗಡುಕನಿಗೆ ಇದ್ದಕ್ಕಿದ್ದಂತೆ ಕರುಣೆ ಎಲ್ಲಿಂದ ಬಂತು? ಕೆಟ್ಟ ಹೆಸರನ್ನು ತೊಳೆದುಕೊಳ್ಳುವುದು ಒಂದು ಉದ್ದೇಶ. ಐರೋಪ್ಯರನ್ನು ಕರೆತಂದು ನೆಲೆಗೊಳಿಸಿ ದೇಶದ ಜನರ ಮೈಬಣ್ಣವನ್ನು ತಿಳಿಯಾಗಿಸುವುದು ಇನ್ನೊಂದು. ಟ್ರುಹಿಯೊನ ತಾಯಿಯ ಕಡೆಯ ಪೂರ್ವಜರಲ್ಲಿ ಹೈಟಿಯವರಿದ್ದರು, ಅವನು ಮುಖಕ್ಕೆ ಪೌಡರ್ ಬಳಿದುಕೊಂಡು ಬೆಳ್ಳಗೆ ಕಾಣಲು ಯತ್ನಿಸುತ್ತಿದ್ದ ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ.

ಬಾಳೆಹಣ್ಣಿನ ಅಮೆರಿಕನ್ ಕಂಪೆನಿಯೊಂದು ಬಿಟ್ಟುಹೋದ ತೋಟವಾಗಿತ್ತು ಸೊಸುವಾ. 1940ರಲ್ಲಿ ನಿರಾಶ್ರಿತರ ಮೊದಲ ತಂಡ ಅಲ್ಲಿಗೆ ಬಂತು. ಒಂದು ಲಕ್ಷದ ಮಾತು ಮಾತಾಗಿಯೇ ಉಳಿದು, ಸೊಸುವಾಕ್ಕೆ ಬಂದು ನೆಲೆಸಿದವರು ಕೆಲವು ನೂರು ಮಂದಿ ಮಾತ್ರ. ವಿಯೆನ್ನಾ, ಬರ್ಲಿನ್‌ಗಳ ನಗರವಾಸಿಗಳು ಹಸು ಕಟ್ಟಲು ಕಲಿತರು, ಬೆಣ್ಣೆ ಚೀಸ್ ತಯಾರಿಸಿದರು. ಅವರು ಕಟ್ಟಿದ ಹಾಲು ಮತ್ತು ಮಾಂಸದ ಉದ್ಯಮ ದೇಶಕ್ಕೆಲ್ಲ ಹೆಸರಾಯಿತು. ಅವರ ಸಣ್ಣ ಪ್ರಾರ್ಥನಾ ಮಂದಿರವನ್ನು ಎಲ್ ಬಾಟೆಯಲ್ಲಿ ಇಂದಿಗೂ ನೋಡಬಹುದು. ಜರ್ಮನಿಯಲ್ಲಿ ‘ಕೀಳು ಜನಾಂಗ’ವೆಂದು ಸಾವಿನ ದವಡೆಗೆ ತಳ್ಳಲ್ಪಟ್ಟವರು ಇಲ್ಲಿ ‘ಬಿಳಿಯರು’ ಎಂಬ ಕಾರಣಕ್ಕೇ ಬೇಕಾದವರಾದರು! ಜನಾಂಗ ಶ್ರೇಷ್ಠತೆಯ ಬಗ್ಗೆ ಯಾರಾದರೂ ವಿಜ್ಞಾನದ ಮಾತಾಡಿದರೆ ಅವರಿಗೆ ಈ ಊರಿನ ಹೆಸರು ಹೇಳಿ. ಆದರೆ ಬದುಕಿ ಉಳಿದವರ ಮಟ್ಟಿಗೆ ಆಶ್ರಯ ಆಶ್ರಯವೇ. ಕೊಟ್ಟವನ ಮನಸ್ಸು ಎಂಥದ್ದಾದರೂ ಅವರ ಪ್ರಾಣ ಉಳಿಯಿತು, ಅದನ್ನೂ ಹೇಳಲೇಬೇಕು. ಯುದ್ಧ ಮುಗಿದ ಮೇಲೆ ಬಹುಪಾಲು ಮಂದಿ ಅಮೆರಿಕಕ್ಕೆ ಹೊರಟುಹೋದರು.

1980ರ ದಶಕದಲ್ಲಿ ಊರಿನ ಸ್ವರೂಪವೇ ಬದಲಾಯಿತು. ಅಮೆರಿಕ ತಾನು ಕೊಳ್ಳುತ್ತಿದ್ದ ಸಕ್ಕರೆಯ ಪಾಲನ್ನು ಕಡಿತ ಮಾಡಿತು. ಸಾಲದ ಹೊರೆ ಏರಿತು. 1984ರ ಏಪ್ರಿಲ್‌ನಲ್ಲಿ ಬೆಲೆ ಏರಿಕೆಯ ವಿರುದ್ಧ ದೇಶದಲ್ಲಿ ದಂಗೆಗಳೇ ನಡೆದವು. ಸಕ್ಕರೆ ಹೋದ ಜಾಗಕ್ಕೆ ಸರ್ಕಾರ ಪ್ರವಾಸೋದ್ಯಮವನ್ನು ತಂದಿತು. ಪೋರ್ಟೊ ಪ್ಲಾಟಾದ ಹತ್ತಿರ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿತ್ತು. ಜರ್ಮನರು, ಕೆನಡಿಯನ್ನರು ತಂಡತಂಡವಾಗಿ ಬಂದರು. ಊಟ, ವಸತಿ, ಪಾನೀಯ ಎಲ್ಲಕ್ಕೂ ತಮ್ಮ ಊರಿನಲ್ಲೇ ಹಣ ಕಟ್ಟಿ ಬರುವ ಪ್ರವಾಸಿ ಸ್ಥಳೀಯ ಅಂಗಡಿಯಲ್ಲಿ ಖರ್ಚು ಮಾಡುವುದು ಅಲ್ಪ. ಹೋಟೆಲಿನ ಲಾಭ ಹೊರಗೆ ಹೋಗುತ್ತದೆ. ಊರಿನ ಪಾಲಿಗೆ ಉಳಿಯುವುದು ಹಾಸಿಗೆ ಒಗೆಯುವ, ನೆಲ ಒರೆಸುವ ಕೆಲಸದ ಸಂಬಳ. ಈ ಲೆಕ್ಕವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಡೆನಿಸ್ ಬ್ರೆನನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1990ರ ದಶಕದಲ್ಲಿ ಸೊಸುವಾದಲ್ಲಿದ್ದು ಅಲ್ಲಿಯ ಹೆಂಗಸರೊಡನೆ ಮಾತನಾಡಿ, 2004ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡ ಸಂಗತಿ ನಮ್ಮ ಸಿನಿಮಾಗಳ ಚಿತ್ರಣಕ್ಕೆ ಹೊಂದುವುದಿಲ್ಲ. ಸೊಸುವಾದಲ್ಲಿ ಬಹುತೇಕ ಹೆಂಗಸರನ್ನು ಯಾವ ದಲ್ಲಾಳಿಯೂ ಕೂಡಿಹಾಕಿರಲಿಲ್ಲ. ಬಹುಪಾಲು ಮಂದಿ ತಾಯಂದಿರು. ಗಂಡ ಬಿಟ್ಟುಹೋಗಿ, ಮಕ್ಕಳನ್ನು ಹಳ್ಳಿಯಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದವರು. ಮನೆಗೆಲಸದ ಸಂಬಳದಲ್ಲಿ ಮಕ್ಕಳ ಹೊಟ್ಟೆ ತುಂಬದು ಎಂದು ಲೆಕ್ಕ ಹಾಕಿ ಬಂದವರು. ಅವರ ಕಣ್ಣು ಇದ್ದದ್ದು ಅಂದಿನ ಹಣದ ಮೇಲೆ ಮಾತ್ರವಲ್ಲ, ವೀಸಾದ ಮೇಲೆ. ಯಾರಾದರೂ ವಿದೇಶಿಯನು ಮದುವೆಯಾಗಿ ಯೂರೋಪಿಗೆ ಕರೆದೊಯ್ದರೆ ಮಕ್ಕಳ ಬದುಕು ದಡ ಸೇರೀತೆಂಬ ಆಸೆ. ಪ್ರೀತಿಗಾಗಿ ಮದುವೆ ಬೇರೆ, ವಾಸದ ಪರವಾನಗಿಗಾಗಿ ಮದುವೆ ಬೇರೆ ಎಂದು ಅವರೇ ವಿಂಗಡಿಸಿ ಹೇಳುತ್ತಿದ್ದರು. ರಜೆ ಮುಗಿಸಿ ಹೋದವನಿಗೆ ದೂರವಾಣಿ ಕಚೇರಿಯಿಂದ ಫ್ಯಾಕ್ಸ್ ಕಳಿಸಿ, ಉತ್ತರಕ್ಕಾಗಿ ದಿನವೂ ಅಲ್ಲಿ ವಿಚಾರಿಸುತ್ತಿದ್ದರು. ಉತ್ತರ ಬಂದದ್ದು ಕೆಲವರಿಗೆ. ಬದುಕು ಬದಲಾದದ್ದು ಅದರಲ್ಲೂ ಕೆಲವೇ ಕೆಲವರಿಗೆ.

ಬರುವ ಗಂಡಸಿನ ತಲೆಯಲ್ಲೂ ಬಣ್ಣದ ಒಂದು ಕಲ್ಪನೆಯಿದೆ. ಉಷ್ಣ ದೇಶದ ಕಪ್ಪು ಹೆಣ್ಣು ಸ್ವಭಾವತಃ ಹೀಗೆ, ಅವಳಿಗೆ ಇದೆಲ್ಲ ಸಹಜ ಎಂಬ ನಂಬಿಕೆ ಗುಲಾಮಗಿರಿಯ ಕಾಲದಿಂದ ಬಂದದ್ದು. ತನ್ನ ಊರಿನಲ್ಲಿ ನೆರೆಮನೆಯವಳಿಗೆ ಆಡಲಾರದ ಮಾತನ್ನು ಅವನು ಇಲ್ಲಿ ನಿಸ್ಸಂಕೋಚವಾಗಿ ಆಡುತ್ತಾನೆ. ಅತ್ತ ಊರಿನವರ ಕಣ್ಣೂ ಅದೇ ಬಗೆಯದು. ಬಿಳಿಯನ ಪಕ್ಕದಲ್ಲಿ ಕಪ್ಪು ಹೆಣ್ಣೊಬ್ಬಳು ನಡೆದರೆ ಅವಳು ಯಾರೆಂದು ಬೀದಿಯೇ ತೀರ್ಪು ಕೊಟ್ಟುಬಿಡುತ್ತದೆ. ವಯಸ್ಕರ ವೇಶ್ಯಾವೃತ್ತಿ ಆ ದೇಶದಲ್ಲಿ ಅಪರಾಧವಲ್ಲ. ಇನ್ನೊಬ್ಬರ ದೇಹದಿಂದ ಲಾಭ ಪಡೆಯುವುದು ಅಪರಾಧ. ಮಕ್ಕಳ ರಕ್ಷಣೆಗೆಂದೇ 2003ರಲ್ಲಿ ಪ್ರತ್ಯೇಕ ಸಂಹಿತೆ ಬಂದಿದೆ. ಆದರೂ ಪೊಲೀಸರು ಹಿಡಿಯುವುದು ಬೀದಿಯಲ್ಲಿ ನಿಂತ ಹೆಣ್ಣನ್ನು. ಪೊಲೀಸರೇ ಇಂಥ ಹೆಂಗಸರ ಮೇಲೆ ನಡೆಸಿದ ಅತ್ಯಾಚಾರಗಳನ್ನೂ ಹಣ ಸುಲಿಗೆಯನ್ನೂ 2019ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ ತನ್ನ ವರದಿಯಲ್ಲಿ ದಾಖಲಿಸಿದೆ.

ಈ ಏಣಿಯ ಕೊನೆಯ ಮೆಟ್ಟಿಲಿನಲ್ಲಿರುವವರು ಹೈಟಿಯವರು. ಸೊಸುವಾದ ಮರಳಿನಲ್ಲಿ ವರ್ಣಚಿತ್ರ ಮಾರುವವರು, ಪ್ರವಾಸಿಯ ಕೂದಲಿಗೆ ಜಡೆ ಹೆಣೆಯುವವರು, ಹೋಟೆಲುಗಳಿಗೆ ಇಟ್ಟಿಗೆ ಹೊತ್ತವರು ಇವರೇ. ಊರಿನಲ್ಲಿ ಕಳ್ಳತನವಾಗಲಿ, ರೋಗ ಹರಡಲಿ, ಮೊದಲು ಬೆರಳು ತೋರಿಸುವುದು ಇವರ ಕಡೆಗೆ. ಬಾರಿನ ಮುಂದೆ ನಿಂತ ಡೊಮಿನಿಕನ್ ಹೆಣ್ಣಿಗೆ ಎಲ್ಲವೂ ಹೋದರೂ ‘ನಾನು ಹೈಟಿಯವಳಲ್ಲ’ ಎಂಬ ಒಂದು ಹೆಚ್ಚುಗಾರಿಕೆ ಉಳಿದಿರುತ್ತದೆ.

ಇದನ್ನು ಓದುತ್ತ ‘ದೂರದ ದೇಶದ ಮಾತು’ ಎನ್ನಿಸಿದರೆ ನೆರೆಯ ಗೋವಾವನ್ನು ನೆನೆಯಿರಿ. ವಾಸ್ಕೋ ಬಂದರಿನ ಬಳಿಯ ಬೈನಾ ಕಡಲತೀರದಲ್ಲಿ ವೇಶ್ಯಾವೃತ್ತಿಯ ಗುಡಿಸಲುಗಳಿದ್ದವು. ಅಲ್ಲಿದ್ದ ಹೆಂಗಸರಲ್ಲಿ ಎಷ್ಟೋ ಮಂದಿ ಉತ್ತರ ಕರ್ನಾಟಕದಿಂದಲೂ ಆಂಧ್ರದಿಂದಲೂ ಹೋದವರು. 2004ರ ಜೂನ್‌ನಲ್ಲಿ, ಮಳೆಗಾಲ ಹಿಡಿದಿದ್ದಾಗ, ಸರ್ಕಾರ ಆ ವಸತಿಯನ್ನು ಕೆಡವಿತು. ವೃತ್ತಿಗೆ ಸಂಬಂಧವೇ ಇಲ್ಲದ ಕೂಲಿ ಸಂಸಾರಗಳೂ ಬೀದಿಗೆ ಬಿದ್ದವು. ಘಟ್ಟದ ಮೇಲಿನಿಂದ ಬಂದವರನ್ನು ‘ಘಾಟಿ’ ಎಂದು ಹಂಗಿಸುವುದು ಅಲ್ಲಿನ ಹಳೆಯ ರೂಢಿ. ನಮ್ಮ ಊರುಗಳಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಹೊರಗಿನವರಿಗೆ ನಾವು ಇಟ್ಟ ಅಡ್ಡಹೆಸರುಗಳು ನಿಮಗೂ ಗೊತ್ತು, ಇಲ್ಲಿ ಬರೆಯಬೇಕಾಗಿಲ್ಲ.

ಡೊಮಿನಿಕನ್ ಗಣರಾಜ್ಯದಲ್ಲಿ ಪೂರ್ವಗ್ರಹ ಬೀದಿಮಾತಾಗಿ ಉಳಿಯದೆ ನ್ಯಾಯಾಲಯದ ತೀರ್ಪಾಯಿತು. 2013ರ ಸೆಪ್ಟೆಂಬರ್ 23ರಂದು ಅಲ್ಲಿನ ಸಂವಿಧಾನ ನ್ಯಾಯಾಲಯವು, ಕಾಗದಪತ್ರಗಳಿಲ್ಲದ ವಿದೇಶಿಯರಿಗೆ 1929ರಿಂದ ಈಚೆಗೆ ಹುಟ್ಟಿದ ಮಕ್ಕಳು ಪೌರರಲ್ಲ ಎಂದು ತೀರ್ಮಾನಿಸಿತು. ಪೆಟ್ಟು ಬಿದ್ದದ್ದು ಹೆಚ್ಚಾಗಿ ಹೈಟಿ ಮೂಲದವರ ಮೇಲೆ. ಕಬ್ಬು ಕಡಿಯಲು ಸರ್ಕಾರಗಳೇ 1952ರಿಂದ ಒಪ್ಪಂದ ಮಾಡಿಕೊಂಡು ಕರೆಸಿದ್ದ ಕೂಲಿಗಳ ಮಕ್ಕಳು, ಮೊಮ್ಮಕ್ಕಳು ಒಂದೇ ದಿನದಲ್ಲಿ ದೇಶವಿಲ್ಲದವರಾದರು. ಜಗತ್ತಿನ ಕಡೆಯಿಂದ ಟೀಕೆ ಬಂದ ಮೇಲೆ 2014ರಲ್ಲಿ ಒಂದು ಕಾನೂನು ಮಾಡಿ ಕೆಲವರಿಗೆ ಪೌರತ್ವ ಹಿಂದಿರುಗಿಸಿದರು. ಅನೇಕರಿಗೆ ಅದು ತಲುಪಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಸರ್ಕಾರ ವಾರಕ್ಕೆ 10,000 ಮಂದಿಯನ್ನು ಗಡಿಯಾಚೆ ಅಟ್ಟುವ ಗುರಿಯನ್ನು ಪ್ರಕಟಿಸಿತು.

ಕಬ್ಬಿನ ಕೂಲಿಗಳ ವಸತಿಗೂ ಆ ದೇಶದಲ್ಲಿ ‘ಬಾಟೆ’ ಎಂದೇ ಹೆಸರು; ಸೊಸುವಾದ ಹೋಟೆಲು ಬಡಾವಣೆಯ ಹೆಸರೂ ತೋಟದ ಕಾಲದಿಂದ ಉಳಿದುಬಂದದ್ದೇ. ಅಂಥ ಕಬ್ಬಿನ ಬಾಟೆಯೊಂದರಲ್ಲಿ ಹುಟ್ಟಿ ಚೆನ್ನಾಗಿ ಓದಿದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಹದಿನೆಂಟು ತುಂಬಿದಾಗ ಅವಳು ಗುರುತಿನ ಚೀಟಿಗೆ ಅರ್ಜಿ ಹಾಕುತ್ತಾಳೆ. ಕಚೇರಿಯವನು ತಂದೆ ತಾಯಿಯ ಹೆಸರನ್ನು ನೋಡುತ್ತಾನೆ, ಅವಳ ಮುಖವನ್ನೊಮ್ಮೆ ನೋಡುತ್ತಾನೆ, ಅರ್ಜಿಯನ್ನು ಪಕ್ಕಕ್ಕಿಡುತ್ತಾನೆ. ಆ ಚೀಟಿಯಿಲ್ಲದೆ ವಿಶ್ವವಿದ್ಯಾಲಯ ಸೇರಿಸಿಕೊಳ್ಳುವುದಿಲ್ಲ, ಬ್ಯಾಂಕು ಖಾತೆ ತೆರೆಯುವುದಿಲ್ಲ, ಹೋಟೆಲು ನೆಲ ಒರೆಸುವ ಕಾಯಂ ಕೆಲಸವನ್ನೂ ಕೊಡುವುದಿಲ್ಲ. ಸೊಸುವಾದ ಬಾರುಗಳ ಮುಂದಿನ ಬೀದಿಯಲ್ಲಿ ಸಂಜೆ ನಿಲ್ಲುವುದಕ್ಕೆ ಮಾತ್ರ ಅದನ್ನು ಕೇಳುವವರಿಲ್ಲ, ಪೊಲೀಸರ ಲಾರಿ ಬರುವವರೆಗೆ.