ಗದರುವ ಮುನ್ನ ಗಮನಿಸೋಣ: ಪದೇ ಪದೇ ಕಣ್ಣು ಮಿಟುಕಿಸುವ ಮಕ್ಕಳು

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನಾನು ವೈದ್ಯಳಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದರೂ ಇಂದು ಕಣ್ಣಿನ ಬಗ್ಗೆ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ನನ್ನಿಂದಲೇ ಆದ ಒಂದು ತಪ್ಪು ಇದಕ್ಕೆ ಕಾರಣ.

ಕೆಲವು ವರ್ಷಗಳ ಹಿಂದೆ ನನ್ನ ಐದನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಓದಲು ಎಬ್ಬಿಸಿದರೆ ಸಾಕು, ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ ಮುಚ್ಚಿ ತೆರೆಯುತ್ತಿದ್ದ. ಮಕ್ಕಳು ನಗುತ್ತಿದ್ದರು. ನನ್ನನ್ನು ಅಣಕಿಸುತ್ತಿದ್ದಾನೆ ಎಂದೇ ನಾನು ತಿಳಿದೆ. ಒಂದು ದಿನ ಗದರಿ ಬೆಂಚಿನ ಮೇಲೆ ನಿಲ್ಲಿಸಿದೆ. ನಿಂತಷ್ಟು ಹೊತ್ತೂ ಅವನ ರೆಪ್ಪೆಗಳು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದವು. ಮರುದಿನ ಅವನು ಶಾಲೆಗೆ ಬರಲಿಲ್ಲ. ಮೂರನೆಯ ದಿನ ಅವನ ತಾಯಿ ಬಂದರು. "ಉನೆ ಜಾನ್‌ಕೊ ನೈ ಕರ್ತಾ, ಟೀಚರ್" ಎಂದರು. ಬೇಕೆಂದು ಮಾಡುವುದಿಲ್ಲ ಎಂದರ್ಥ. ನಜರ್ ತಗುಲಿದೆಯೆಂದು ಮನೆಯಲ್ಲಿ ಮೆಣಸಿನಕಾಯಿ ನಿವಾಳಿಸಿದ್ದರು. ತಂದೆಯಿಂದ ಎರಡು ಏಟೂ ಬಿದ್ದಿತ್ತು. ವೈದ್ಯರಿಗೆ ಮಾತ್ರ ತೋರಿಸಿರಲಿಲ್ಲ.

ಬಿ.ಎಡ್.ನಲ್ಲಿ ಮಕ್ಕಳ ಮನೋವಿಜ್ಞಾನ ಓದಿ ಪಾಸಾದವಳು ನಾನು. ಆ ದಿನ ಆ ಓದು ನನ್ನ ನೆರವಿಗೆ ಬರಲಿಲ್ಲ. ಆಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ರೆಪ್ಪೆ ಬಡಿಯುವುದು ದೋಷವಲ್ಲ. ಪ್ರತಿ ಸಲ ರೆಪ್ಪೆ ಮುಚ್ಚಿದಾಗಲೂ ಕಣ್ಣೀರಿನ ತೆಳುವಾದ ಪದರ ಕಣ್ಣಿನ ಮೇಲೆ ಹರಡಿ ಧೂಳನ್ನು ತೊಳೆಯುತ್ತದೆ. ದೊಡ್ಡವರು ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತಾರೆ. ಹಸುಗೂಸು ಎರಡು ಮೂರು ಸಲವಷ್ಟೇ. ವಯಸ್ಸಿನೊಡನೆ ಇದು ಹೆಚ್ಚುತ್ತದೆ. ಆದರೆ ನೋಡುವವರ ಗಮನಕ್ಕೆ ಬರುವಷ್ಟು, ವಾರಗಟ್ಟಲೆ, ಮಗು ಕಣ್ಣು ಮಿಟುಕಿಸುತ್ತಿದ್ದರೆ ಅದಕ್ಕೊಂದು ಕಾರಣವಿದೆ ಎಂದು ತಿಳಿಯಬೇಕು.

ಆ ಕಾರಣ ಯಾವುದು? ಇಂಥ 99 ಮಕ್ಕಳನ್ನು ಪರೀಕ್ಷಿಸಿದ ಅಮೆರಿಕದ ನೇತ್ರವೈದ್ಯರ ವರದಿ 2001ರಲ್ಲಿ ಪ್ರಕಟವಾಯಿತು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳಲ್ಲಿ ಇದ್ದದ್ದು ಕಣ್ಣಿನ ಮೇಲ್ಪದರದ ಅಥವಾ ರೆಪ್ಪೆಯ ತೊಂದರೆ. ಕಾಲು ಭಾಗಕ್ಕೆ ಹತ್ತಿರದ ಮಕ್ಕಳಲ್ಲಿ ಟಿಕ್ ಎಂಬ ತಾನಾಗಿಯೇ ಆಗುವ ಚಲನೆ. ಇನ್ನು ಕೆಲವರಿಗೆ ಬೇಕಾಗಿದ್ದದ್ದು ಕನ್ನಡಕ. ಕೆಲವರಿಗೆ ಮೆಳ್ಳೆಗಣ್ಣು ಇತ್ತು. ಹಾಗಾಗಿ ನೆನಪಿಡಿ: ಮೊದಲು ಕಣ್ಣಿನ ಪರೀಕ್ಷೆ, ಉಳಿದದ್ದೆಲ್ಲ ಆಮೇಲೆ.

ನಮ್ಮ ಬಿಸಿಲು ಮತ್ತು ಧೂಳಿನ ಊರುಗಳಲ್ಲಿ ಅಲರ್ಜಿ ಸಾಮಾನ್ಯ. ಮಗು ಕಣ್ಣು ಉಜ್ಜುತ್ತದೆ, ಕಣ್ಣು ಕೆಂಪಾಗುತ್ತದೆ, ನೂಲಿನಂತೆ ಎಳೆಎಳೆಯಾದ ಪಿಸುರು ಬರುತ್ತದೆ. ಬೇಸಿಗೆಯಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಇದು ಹೆಚ್ಚು. ಇಲ್ಲಿ ನಾವು ಮಾಡುವ ದೊಡ್ಡ ತಪ್ಪೆಂದರೆ, ಮೆಡಿಕಲ್ ಶಾಪಿಗೆ ಹೋಗಿ "ಕಣ್ಣಿಗೆ ಹನಿ ಕೊಡಿ" ಎಂದು ಕೇಳುವುದು. ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಾಕಿದ ಕೂಡಲೇ ಕಣ್ಣು ತಣ್ಣಗಾಗುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಹಾಕುತ್ತಲೇ ಇರುತ್ತೇವೆ. ವೈದ್ಯರ ನಿಗಾ ಇಲ್ಲದೆ ಹೀಗೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಪೊರೆಯೂ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬರುವುದಿಲ್ಲ. ತಾಯಂದಿರೇ, ಹಳೆಯ ಬಾಟಲಿಯ ಹನಿ, ನೆರೆಮನೆಯವರು ಕೊಟ್ಟ ಹನಿ, ಇವನ್ನು ದಯವಿಟ್ಟು ಮಗುವಿನ ಕಣ್ಣಿಗೆ ಹಾಕಬೇಡಿ.

ಸುರ್ಮಾದ ಬಗ್ಗೆಯೂ ಹೇಳಲೇಬೇಕು. ನಮ್ಮ ಮನೆಗಳಲ್ಲಿ ಅದಕ್ಕೆ ವಿಶೇಷ ಗೌರವವಿದೆ, ಅದು ನನಗೆ ಗೊತ್ತು. ಆದರೆ ಮಾರುಕಟ್ಟೆಯಲ್ಲಿ ಸಿಗುವ ಹಲವು ಸುರ್ಮಾಗಳಲ್ಲಿ ಸೀಸದ ಅಂಶ ಇರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೆಟ್ಟದ್ದು. ಅದರ ಪುಡಿ ಮತ್ತು ಹಚ್ಚುವ ಕಡ್ಡಿ ಕಣ್ಣನ್ನು ಕೆರಳಿಸಲೂಬಹುದು. ಮಕ್ಕಳ ಕಣ್ಣಿಗೆ ಅದು ಬೇಡ.

ಇನ್ನು ಕನ್ನಡಕದ ವಿಷಯ. ಉರ್ದುವಿನ ಬೇ, ಪೇ, ತೇ, ಸೇ ಈ ನಾಲ್ಕು ಅಕ್ಷರಗಳ ಆಕಾರ ಒಂದೇ, ವ್ಯತ್ಯಾಸ ಇರುವುದು ಚುಕ್ಕಿಗಳಲ್ಲಿ. ಕನ್ನಡದ ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಗೀಟು. ಹಿಂದಿನ ಬೆಂಚಿನ ಮಗುವಿಗೆ ಆ ಚುಕ್ಕಿ, ಆ ಗೀಟು ಕಾಣದಿದ್ದರೆ ಕಣ್ಣು ಕಿರಿದು ಮಾಡುತ್ತದೆ, ಮಿಟುಕಿಸುತ್ತದೆ, ಕೊನೆಗೆ ತಪ್ಪು ಓದುತ್ತದೆ. ನಾವು "ದಡ್ಡ" ಎನ್ನುತ್ತೇವೆ. ಬಿಸಿಲಿಗೆ ಬಂದ ಕೂಡಲೇ ಒಂದೇ ಕಣ್ಣು ಮುಚ್ಚುವ ಮಗುವಿಗೆ ಮೆಳ್ಳೆಗಣ್ಣು ಇರಬಹುದು. ಮೊಬೈಲ್ ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಆಮೇಲೆ ಉರಿಯಿಂದ ಪದೇ ಪದೇ ಬಡಿಯುತ್ತದೆ.

ಈಗ ನನ್ನ ವಿದ್ಯಾರ್ಥಿಯ ವಿಷಯಕ್ಕೆ ಬರುತ್ತೇನೆ. ಅವನ ಕಣ್ಣು ಸರಿಯಾಗಿದೆ, ಇದು ಟಿಕ್ ಎಂದರು ವೈದ್ಯರು. ಸಾಮಾನ್ಯವಾಗಿ 4ರಿಂದ 6 ವರ್ಷದ ಹೊತ್ತಿಗೆ ಶುರುವಾಗುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ಸೀನು ಬರುವಾಗ ಸ್ವಲ್ಪ ಹೊತ್ತು ತಡೆಹಿಡಿಯಬಹುದು, ಕೊನೆಗೆ ಸೀನಲೇಬೇಕು. ಇದೂ ಹಾಗೆಯೇ. ಆಯಾಸ, ಭಯ, ಆತಂಕ ಇದ್ದಾಗ ಹೆಚ್ಚುತ್ತದೆ. ಅಂದರೆ ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ ಹೆಚ್ಚಿಸಿದ್ದೆ. ಬಹಳಷ್ಟು ಮಕ್ಕಳಲ್ಲಿ ಇದು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತಾನಾಗಿಯೇ ಹೋಗುತ್ತದೆ. ಇದಕ್ಕೆ ಮೊದಲ ಔಷಧಿ, ಅದರ ಬಗ್ಗೆ ಮಾತೇ ಆಡದಿರುವುದು. ವರ್ಷ ದಾಟಿದರೆ, ಭುಜ ಕುತ್ತಿಗೆ ಕುಣಿಯತೊಡಗಿದರೆ, ಗಂಟಲಿನಿಂದ ತಾನಾಗಿ ಸದ್ದು ಬರುತ್ತಿದ್ದರೆ ಮಕ್ಕಳ ತಜ್ಞರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್‌ನಲ್ಲೂ ಸಲಹೆ ಸಿಗುತ್ತದೆ. ಅಲ್ಲಿಗೆ ಹೋದ ಮಾತ್ರಕ್ಕೆ ಮಗು ಹುಚ್ಚನಲ್ಲ.

ಒಂದು ಎಚ್ಚರಿಕೆ ಶಿಕ್ಷಕರಿಗೆ. ಓದುತ್ತಿರುವ ಮಗು ನಡುವೆಯೇ ನಿಂತು, ಶೂನ್ಯ ದಿಟ್ಟಿಸಿ, ರೆಪ್ಪೆ ಅದುರಿಸಿ, ಕರೆದರೂ ಓಗೊಡದೆ ಕೆಲವು ಸೆಕೆಂಡುಗಳ ಬಳಿಕ ಏನೂ ಆಗದಂತೆ ಮುಂದುವರಿದರೆ, ಅದು ಮೂರ್ಛೆರೋಗದ ಒಂದು ರೂಪವಿರಬಹುದು. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಕಣ್ಣು ನೋಯುತ್ತಿದ್ದರೆ, ಬೆಳಕು ಸಹಿಸದಿದ್ದರೆ, ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ ಒಂದು ದಿನವೂ ತಡಮಾಡಬಾರದು.

ಹಣದ ಚಿಂತೆ ಇರುವ ಪೋಷಕರೇ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ದಿನ ಮಗುವನ್ನು ತಪ್ಪದೇ ಶಾಲೆಗೆ ಕಳುಹಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. 1755ರಲ್ಲಿ ಇಂಗ್ಲಿಷಿನ ಹೆಸರಾಂತ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅವರಿಗೂ ಇಂಥ ವಿಚಿತ್ರ ಚಲನೆಗಳಿದ್ದವು ಎಂದು ಅವರನ್ನು ಕಂಡವರು ಬರೆದಿಟ್ಟಿದ್ದಾರೆ. ನಿಮ್ಮ ಪಕ್ಕದ ಗೆಳೆಯನಿಗೆ ಅಡ್ಡಹೆಸರು ಇಡುವ ಮುನ್ನ ಇದು ನೆನಪಿರಲಿ.

ನನ್ನ ಆ ವಿದ್ಯಾರ್ಥಿಯ ಕಣ್ಣಿನ ಬಗ್ಗೆ ಯಾರೂ ಮಾತನಾಡಬಾರದೆಂದು, ಅವನಿಲ್ಲದ ದಿನ ತರಗತಿಗೆ ಹೇಳಿದೆ. ನನ್ನ ತಪ್ಪನ್ನೂ ಒಪ್ಪಿಕೊಂಡೆ. ದಸರಾ ರಜೆ ಮುಗಿಯುವ ಹೊತ್ತಿಗೆ ಮಿಟುಕಿಸುವುದು ಬಹಳ ಕಡಿಮೆಯಾಗಿತ್ತು. ಪರೀಕ್ಷೆ ಬಂದಾಗ ಮತ್ತೆ ಸ್ವಲ್ಪ ಕಾಣಿಸಿಕೊಳ್ಳುತ್ತಿತ್ತು. ಆದರೆ ಓದಲು ಎಬ್ಬಿಸಿದಾಗ ಅವನು ಪುಸ್ತಕಕ್ಕಿಂತ ಮೊದಲು ನನ್ನ ಮುಖ ನೋಡುತ್ತಿದ್ದ, ನಾನು ಸಿಟ್ಟಾಗಿದ್ದೇನೆಯೇ ಎಂದು. ಆ ನೋಟ ವರ್ಷದ ಕೊನೆಯವರೆಗೂ ಹೋಗಲಿಲ್ಲ. ಅಂಥ ನೋಟ ನಿಮ್ಮ ಮನೆಯ ಮಗುವಿಗೆ, ನಿಮ್ಮ ತರಗತಿಯ ಮಗುವಿಗೆ ಬಾರದಿರಲಿ.